ಮೂರು ತಿಂಗಳ ಅಳಿಯ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟು ಎಂಟು ದಿನವಾಗಿತ್ತು. ಒಂಬತ್ತನೇ ದಿನ ಅದರ ಬಾಗಿಲಿಗೆ ಚೀಟಿಯೊಂದು ಅಂಟಿತ್ತು. ರಿಪೇರಿಯ ಸುದ್ದಿಯಿರಬೇಕೆಂದು ಕನ್ನಡಕ ಹಾಕಿಕೊಂಡು ಓದಿದೆ. ‘ಖಾಲಿ ಮನೆಗಳಿಗೆ ಬಾಡಿಗೆದಾರರನ್ನು ಕರೆತಂದವರಿಗೆ 3000 ರೂಪಾಯಿ. ಬಂದವರು ಮೂರು ತಿಂಗಳು ಉಳಿದ ಮೇಲೆ ನಿಮ್ಮ ಬಾಡಿಗೆಯಲ್ಲಿ ಕಳೆಯಲಾಗುವುದು.’

ಕಾರವಾರಕ್ಕೆ ಇದೇನು ಹೊಸತಲ್ಲ. ಮೀನು ಮಾರ್ಕೆಟಿನಲ್ಲಿ ನನ್ನ ಖಾಯಂ ಅಕ್ಕನ ಬುಟ್ಟಿಯ ಹತ್ತಿರ ಹೊಸ ಗಿರಾಕಿಯನ್ನು ಕರೆದೊಯ್ದರೆ, ಆಕೆ ಏನೂ ಹೇಳದೆ ನನ್ನ ಚೀಲಕ್ಕೆ ಎರಡು ಬಂಗಡೆ ಹೆಚ್ಚಿಗೆ ಎಸೆಯುತ್ತಾಳೆ. ಚೀಟಿಯಿಲ್ಲ, ಷರತ್ತಿಲ್ಲ. ಗಿರಾಕಿ ಮೂರು ತಿಂಗಳು ಬಂಗಡೆ ತಿಂದು ತೋರಿಸಬೇಕೆಂಬ ಹಟವೂ ಇಲ್ಲ.

ಆದರೂ 3000 ಎಂದರೆ 3000. ಗದಗಿನಿಂದ ವರ್ಗವಾಗಿ ಬಂದ ಹುಡುಗನೊಬ್ಬ ಲಾಡ್ಜಿನಲ್ಲಿದ್ದ. “ಸಮುದ್ರ ಕಾಣಬೇಕ್ರೀ” ಅಂದ. ಕಾಣುತ್ತದೆ ಅಂದೆ. ಟೆರೇಸಿನ ನೀರಿನ ಟ್ಯಾಂಕ್ ಹತ್ತಿದರೆ ನಿಜಕ್ಕೂ ಕಾಣುತ್ತದೆ. 11 ತಿಂಗಳ ಕರಾರಾಯಿತು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ, ಅದಕ್ಕೇ ಎಲ್ಲರ ಕರಾರೂ 11ಕ್ಕೆ ನಿಲ್ಲುತ್ತದೆ. ಜೂನ್ 1ಕ್ಕೆ ಹಾಲುಕ್ಕಿಸಿದ.

ಅವನು ಪಂಚಾಂಗ ನೋಡಿಯೇ ಬಂದಿದ್ದ. ಮೀನಿನ ಪಂಚಾಂಗ ನೋಡಬೇಕಾಗಿದ್ದವನು ನಾನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ತಂದ ಅಷ್ಟಿಷ್ಟಕ್ಕೆ ಕೈ ಹಾಕಿದರೆ ಸುಡುತ್ತದೆ. ಆಗ ಮನೆಮನೆಯಲ್ಲೂ ಒಣಮೀನಿನ ಡಬ್ಬಿ ಅಟ್ಟದಿಂದ ಇಳಿಯುತ್ತದೆ. ಮಳೆಗೆ ಕಿಟಕಿ ಮುಚ್ಚಿಕೊಂಡು ಕೆಳಗಿನ ಮನೆಯ ಅಜ್ಜಿ ಒಣ ಸಿಗಡಿ ಹುರಿದರೆ ಆ ಪರಿಮಳ ಮೆಟ್ಟಿಲು ಹತ್ತಿಯೇ ಮೇಲೆ ಹೋಗಬೇಕು, ಲಿಫ್ಟ್ ಇಲ್ಲ.

ರಾತ್ರಿ ಎಂಟಕ್ಕೆ ಫೋನು. “ಸರ್, ಇದೇನ್ರೀ ವಾಸನಿ?” ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಹುಡುಗ.

“ಸಮುದ್ರದ್ದು,” ಅಂದೆ. “ನೀನೇ ಕೇಳಿದ್ದಲ್ಲ.”

ಅಲ್ಲಿಂದ ಶುರುವಾಯಿತು ನನ್ನ ಸೇವೆ. ಬೂಟಿಗೆ ಬೂಷ್ಟು ಹಿಡಿಯಿತು: ನಾನು ಬಿಸಿಲಿಗಾಗಿ ಕಾಯಲು ಹೇಳಿದೆ, ಜೂನ್ ತಿಂಗಳಲ್ಲಿ. ಬಟ್ಟೆ ಒಣಗಲಿಲ್ಲ: ನಮ್ಮ ಹಗ್ಗದಲ್ಲಿ ಜಾಗ ಕೊಟ್ಟೆ. ಚಾವಣಿ ಸೋರಿತು: ನಮ್ಮ ಬಕೆಟ್ ಹೋಯಿತು. ಭಾನುವಾರ ನೀರುದೋಸೆಗೆ ಕರೆದೆ. “ಸ್ವಂತ ಅಳಿಯನಿಗೂ ಇಷ್ಟು ಮಾಡಿದವರಲ್ಲ ನೀವು,” ಎಂದಳು ಹೆಂಡತಿ. ಜನ ಹಿಡಿದು ತಂದವರಿಗೆ ತಲೆಗೆ ಮೂರು ಸಾವಿರ ಹಂಚುವ ಪುಣ್ಯಾತ್ಮರು ಆ ದುಡ್ಡಿನಲ್ಲಿ ಟೆರೇಸಿನ ಬಿರುಕು ಮುಚ್ಚಿಸಿದ್ದರೆ ಮನೆಗಳೇಕೆ ಖಾಲಿ ಬೀಳುತ್ತಿದ್ದವು? ಕೇಳಿದರೆ, “ಮಳೆ ನಿಲ್ಲಲಿ ಸಾರ್” ಎನ್ನುತ್ತಾರೆ. ಮಳೆ ನಿಂತರೆ ಸೋರುವುದೂ ನಿಲ್ಲುತ್ತದೆ, ಅದು ನನಗೂ ಗೊತ್ತು.

40ನೇ ದಿನ ಹುಡುಗ ಬೇರೆ ಮನೆ ನೋಡುವ ಮಾತೆತ್ತಿದ. ನಾನು ಓಡಿದ್ದು ಕೆಳಗಿನ ಅಜ್ಜಿಯ ಬಳಿ. ಸಿಗಡಿಯನ್ನು ಹಗಲು ಹೊತ್ತು, ಅವನು ಆಫೀಸಿನಲ್ಲಿರುವಾಗ ಹುರಿಯಲಾದೀತೇ ಎಂದು ಬಹಳ ವಿನಯದಿಂದ ಕೇಳಿದೆ. ಅಜ್ಜಿ ಸೌಟು ಕೆಳಗಿಡಲಿಲ್ಲ.

“ಮೂರು ಸಾವಿರದಲ್ಲಿ ನನಗೆಷ್ಟು?”

ಚೀಟಿಯನ್ನು ಎಲ್ಲರೂ ಓದಿದ್ದರು! ಒಂದು ಕಾಲಕ್ಕೆ ಈ ಮನೆಯನ್ನು ಬಿಟ್ಟಿಯಾಗಿ ಹೊಗಳಿಕೊಂಡು ತಿರುಗಿದವ ನಾನು. ಈಗ “ನಮ್ಮಲ್ಲಿ ಗಾಳಿ ಚೆನ್ನಾಗಿ ಬರ್ತದೆ” ಎಂದರೂ ಕೇಳಿದವರ ಬಾಯಿ ಒಂದು ಬದಿಗೆ ಸೊಟ್ಟಗಾಗುತ್ತದೆ. ಅಜ್ಜಿಗೆ ಐನೂರು ಒಪ್ಪಿಕೊಂಡೆ.

ಸೆಪ್ಟೆಂಬರ್ ಬಾಡಿಗೆಯಲ್ಲಿ 3000 ಕಳೆದರು, ಮಾತು ತಪ್ಪಲಿಲ್ಲ. ನನ್ನ ಕೆಲಸ ಮುಗಿಯಿತೆಂದು ಹುಡುಗನಿಗೆ ಮಾತ್ರ ಯಾರೂ ಹೇಳಿಲ್ಲ. ನಿನ್ನೆ ರಾತ್ರಿ ಹತ್ತೂವರೆಗೆ ಫೋನು: “ಸರ್, ನೀರು ಬರವಲ್ದು.” ಟಾರ್ಚ್ ಹುಡುಕಿಕೊಂಡು ಮೆಟ್ಟಿಲು ಹತ್ತಿದೆ.