ಗುಳಿಗೆ ನುಂಗಿದರೆ ಎದೆಹಾಲು ಕೆಡುತ್ತದೆಯೇ?

"ಬಾಣಂತಿ ಕಬ್ಬಿಣದ ಗುಳಿಗೆ ನುಂಗಿದರೆ ಹಾಲು ಕೆಟ್ಟು ಕೂಸಿಗೆ ಉಷ್ಣವಾಗುತ್ತದೆ." ಕಲಬುರಗಿ ಕಡೆ ವಾಟ್ಸಾಪ್‌ನಲ್ಲಿ ಓಡಾಡುವ ಮಾತಿದು. ಸುಳ್ಳು.

ತಾಯಿ ನುಂಗಿದ ಗುಳಿಗೆಯಿಂದ ಹಾಲಿನ ಕಬ್ಬಿಣದಂಶ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಕಪ್ಪಾಗುವುದು ತಾಯಿಯ ಮಲ ಮಾತ್ರ. ಹೆದರಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಹೆರಿಗೆಯಲ್ಲಿ ಹೋದ ರಕ್ತ ತುಂಬಿಕೊಳ್ಳಲೆಂದೇ ಸರ್ಕಾರ 180 ದಿನ, ದಿನಕ್ಕೊಂದು ಗುಳಿಗೆ ಪುಕ್ಕಟೆ ಕೊಡುತ್ತದೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರವಿರಲಿ.

ನಮ್ಮಲ್ಲಿ ನಿಜವಾದ ತಪ್ಪು ಬೇರೆ: ಮುಂಜಾನೆ ಚಹಾದ ಜತೆಗೇ ಗುಳಿಗೆ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆ ಹಿಂಡಿದ ನೀರಿನ ಜತೆ ನುಂಗಲಿ. ಬಾಣಂತಿಗೆಂದು ಮಾಡುವ ಅಳ್ವಿ ಬೀಜದ ಪಾಯಸ ಉಣ್ಣಲಿ, ಬೇಡವೆನ್ನುವವರ್ಯಾರು? ಅದು ಗುಳಿಗೆಗೆ ಬದಲಿಯಲ್ಲ, ಅಷ್ಟೆ. ಹೊಟ್ಟೆ ತೊಳಸಿದರೆ ಗುಳಿಗೆ ಬಿಡಬೇಡಿ, ಆಶಾ ಅಕ್ಕನನ್ನು ಕೇಳಿ ರಾತ್ರಿ ಊಟದ ನಂತರಕ್ಕೆ ಬದಲಿಸಿ.