ಎಲ್ಲಕ್ಕೂ ಪೆರುವಿನ ಕೂಸೇ ಕಾರಣ

ಎಲ್ ನಿನೊ ಎಂಬ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಮರಳಿತೆಂದರೆ ನಮ್ಮ ಆಳುವವರ ಮುಖದಲ್ಲಿ ಒಂದು ಬಗೆಯ ನಿರಾಳ ಕಳೆ ಮೂಡುತ್ತದೆ. ಕೆರೆಯ ಹೂಳು ತೆಗೆಯದ್ದಕ್ಕೆ, ನಾಲೆಯ ತುದಿಗೆ ನೀರು ತಲುಪದ್ದಕ್ಕೆ, ಟ್ಯಾಂಕರಿನ ದರ ಗಗನಕ್ಕೇರಿದ್ದಕ್ಕೆ ಉತ್ತರ ಹೇಳಬೇಕಾದವರೆಲ್ಲ ಪೆಸಿಫಿಕ್ ಸಾಗರದತ್ತ ಬೆರಳು ತೋರಿಸಿ ಕೈತೊಳೆದುಕೊಳ್ಳಬಹುದು. ಇಷ್ಟು ದೂರದಲ್ಲಿದ್ದು, ಸದನದಲ್ಲಿ ಎದ್ದುನಿಂತು ಎದುರು ಮಾತಾಡಲಾರದ ಆರೋಪಿ ಸಿಗುವುದು ಪುಣ್ಯವಲ್ಲದೆ ಇನ್ನೇನು?

ಪಾಪ, ಅದೊಂದು ಕೂಸು. ಕ್ರಿಸ್‌ಮಸ್ ಹೊತ್ತಿಗೆ ಕಡಲು ಬೆಚ್ಚಗಾಗಿ ಮೀನು ಮಾಯವಾಗುವುದನ್ನು ಕಂಡ ಪೆರುವಿನ ಮೀನುಗಾರರು ಅದಕ್ಕೆ ಬಾಲಯೇಸುವಿನ ಹೆಸರಿಟ್ಟರು. ಪೆಸಿಫಿಕ್ ಸಾಗರದ ನಡುಭಾಗದ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದು ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಸೊರಗುತ್ತವೆ, ಮೋಡ ಕಟ್ಟುವ ಜಾಗ ಇಂಡೊನೇಷ್ಯಾದ ಬದಿಯಿಂದ ಪೂರ್ವಕ್ಕೆ ಸರಿಯುತ್ತದೆ, ನಮ್ಮ ನೆತ್ತಿಯ ಮೇಲೆ ಏರಬೇಕಾದ ಗಾಳಿ ಇಳಿಯತೊಡಗುತ್ತದೆ. ಇಳಿಯುವ ಗಾಳಿಯಲ್ಲಿ ಮಳೆ ಹುಟ್ಟುವುದಿಲ್ಲ. ಆದರೂ ಈ ಕೂಸಿನ ಮೇಲಿನ ಮೊಕದ್ದಮೆ ಅಷ್ಟು ಗಟ್ಟಿಯಲ್ಲ. 1997ರಲ್ಲಿ ಅದು ಶತಮಾನದ ಅತಿ ಬಲಶಾಲಿಗಳಲ್ಲಿ ಒಂದಾಗಿ ಬಂದಿದ್ದರೂ ದೇಶದಲ್ಲಿ ವಾಡಿಕೆಯ ಶೇ 102ರಷ್ಟು ಮಳೆಯಾಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬೆಚ್ಚಗಿದ್ದು ನಮ್ಮ ಪರ ವಕಾಲತ್ತು ವಹಿಸಿತ್ತು.

ಪೆಸಿಫಿಕ್‌ಗೆ ಬೆರಳು ತೋರಿಸಿ ಮುಗಿದ ಮೇಲೆ ದೇವರ ಸರದಿ. 2019ರ ಜೂನ್‌ನಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಬೇಕೆಂದು ಸರ್ಕಾರವೇ ಆದೇಶಿಸಿತ್ತು. ಜುಲೈನಲ್ಲಿ ಸರ್ಕಾರ ಬಿತ್ತು, ಆಗಸ್ಟ್‌ನಲ್ಲಿ ಮಳೆ ಬಿತ್ತು. ಅದೂ ಎಂಥ ಮಳೆ! ಬೆಳಗಾವಿ, ಬಾಗಲಕೋಟೆಯ ಊರುಗಳು ಕೃಷ್ಣೆ, ಮಲಪ್ರಭೆಯರ ಪಾಲಾದವು. ಹೋಮ ಮಾಡಿಸಿದವರೊಬ್ಬರು, ಫಲ ಉಂಡವರು ಮತ್ತೊಬ್ಬರು.

2023ಕ್ಕೆ ಬರೋಣ. ಎಲ್ ನಿನೊ ಶುರುವಾಗಿದೆಯೆಂದು ಅಮೆರಿಕದ ಹವಾಮಾನ ಸಂಸ್ಥೆ ಜೂನ್ 8ರಂದು ಘೋಷಿಸಿತು. ಒಂದು ವಾರ ತಡವಾದ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೂ ಅದೇ ದಿನ. ಇಷ್ಟು ಸ್ಪಷ್ಟವಾಗಿ ಬಾಗಿಲು ತಟ್ಟಿ ಬಂದ ಅತಿಥಿಯನ್ನು ನಾವು ಆಗಸ್ಟ್‌ವರೆಗೂ ಗುರುತಿಸಲಿಲ್ಲ. ಆ ತಿಂಗಳು ದೇಶದಲ್ಲಿ ಮಳೆ ಶೇ 36ರಷ್ಟು ಕಡಿಮೆಯಾಯಿತು. 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿರಲಿಲ್ಲ. ಆಶ್ಲೇಷ, ಮಖೆ ಎರಡೂ ಕೈಕೊಟ್ಟವು. ‘ಮಖೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎನ್ನುವ ನಮ್ಮ ಹಿರಿಯರಿಗೆ ಸರಾಸರಿಯ ಮಹಿಮೆ ತಿಳಿದಿರಲಿಲ್ಲ. ಮಗನಿಗೆ ಜುಲೈನಲ್ಲಿ ಹೊಟ್ಟೆ ಬಿರಿಯುವಷ್ಟು ಬಡಿಸಿ, ಆಗಸ್ಟ್ ಪೂರ್ತಿ ಉಪವಾಸ ಕೆಡವಿ, ಸೆಪ್ಟೆಂಬರ್‌ನಲ್ಲಿ ಅವನ ಹೆಸರಿಗೆ ಎಡೆ ಇಟ್ಟರೂ ಲೆಕ್ಕದ ಪುಸ್ತಕದಲ್ಲಿ ಅವನು, ಆ ವರ್ಷದ ದೇಶದ ಮುಂಗಾರಿನಂತೆಯೇ, ವಾಡಿಕೆಯ ಶೇ 94ರಷ್ಟು ಉಂಡವನೇ.

ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಕ್ಟೋಬರ್‌ನಲ್ಲಿ ಕೇಂದ್ರದ ಅಧ್ಯಯನ ತಂಡ ಬಂದಾಗ ಹೊಲಗಳು ಹಸಿರಾಗಿದ್ದುದೇ ಅಪರಾಧವಾಯಿತು. ಆಳೆತ್ತರದ ಮೆಕ್ಕೆಜೋಳದ ದಂಟು ರಸ್ತೆಯಿಂದ ನೋಡಿದರೆ ಕಣ್ಣಿಗೆ ಹಬ್ಬ. ತೆನೆಯ ಸಿಪ್ಪೆಯನ್ನು ಒಂದೊಂದಾಗಿ ಸುಲಿದರೆ ಒಳಗೆ ಬೆರಳ ಗಾತ್ರದ ಬಿಳಿಯ ದಿಂಡು, ಅಲ್ಲೊಂದು ಇಲ್ಲೊಂದು ಮುರುಟಿದ ಕಾಳು. ಹೀಗಾಗಿ ಹಸಿರು ಬರ ಎಂಬ ಪದವನ್ನು ನಮ್ಮ ಮಂತ್ರಿಗಳು ಬಿಡಿಸಿ ಹೇಳಬೇಕಾಯಿತು. ಬೆಳೆಗೂ ಬರಕ್ಕೆ ತಕ್ಕಂತೆ ಒಣಗಿ ನಿಲ್ಲುವ ಶಿಸ್ತು ಇರಬೇಕಿತ್ತು!

ನಗು ಇಲ್ಲಿಗೆ ಸಾಕು. ಕೈಯಲ್ಲಿ ಪೊಳ್ಳು ತೆನೆ ಹಿಡಿದು, ಊರ ಮುಂದೆ ನಿಂತು, ತಾನು ಸೋತಿದ್ದೇನೆಂದು ಅಪರಿಚಿತರಿಗೆ ರುಜುವಾತು ಮಾಡಬೇಕಾದ ಮನುಷ್ಯನಿಗೆ ಈ ರಾಜ್ಯವಾಗಲಿ ಕೇಂದ್ರವಾಗಲಿ ಇನ್ನೂ ಏನೇನು ಮಾಡಿಸಬೇಕೆಂದಿವೆಯೋ ನನಗೆ ತಿಳಿಯದು. ಇವರು ಅವರತ್ತ, ಅವರು ಇವರತ್ತ ಪತ್ರ ಬರೆದು ಆರು ತಿಂಗಳು ಕಳೆದರು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಪರಿಹಾರದ ಮಾನದಂಡ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಗೆ. ಗುಂಟೆಗೆ ಇಳಿಸಿದರೆ 86 ರೂಪಾಯಿ.

ಆ ಹಣ ಖಾತೆಗೆ ಬೀಳುವ ಹೊತ್ತಿಗೆ ರೈತ ಭರಣಿ ಮಳೆಗೆ ಕಾದು ಮುಂದಿನ ಬಿತ್ತನೆಗೆ ಹೊಲ ಹಸನು ಮಾಡುತ್ತಿದ್ದ. ಪೆರುವಿನ ಕೂಸು ತನ್ನ ಕಡಲನ್ನು ತಣ್ಣಗಾಗಲು ಬಿಟ್ಟು ಊರಿಗೆ ಹೊರಟು ನಿಂತಿತ್ತು.