ತಪ್ಪು ಹಿಡಿಯುವವರು, ಪ್ರಶ್ನೆ ಕೇಳುವವರು

‘ಸಿಂಪ್ಸನ್ಸ್’ ಅನ್ನುವ ಅಮೆರಿಕದ ಕಾರ್ಟೂನ್ ಧಾರಾವಾಹಿಯ 1997ರ ಒಂದು ಕಂತಲ್ಲಿ ಕಾರ್ಟೂನ್ ಅಭಿಮಾನಿಯೊಬ್ಬ ಸಭೆಯಲ್ಲಿ ಎದ್ದು ನಿಲ್ಲುತ್ತಾನೆ. ಕಾರ್ಟೂನಿನೊಳಗಿನ ಕಾರ್ಟೂನಲ್ಲಿ ಇಲಿ ಬೆಕ್ಕಿನ ಎಲುಬುಗಳನ್ನೇ ವಾದ್ಯ ಮಾಡಿಕೊಂಡು ಬಾರಿಸಿದೆ. ಒಂದೇ ಪಕ್ಕೆಲುಬಿಗೆ ಎರಡು ಸಲ ಹೊಡೆದರೆ ಎರಡು ಬೇರೆ ಸ್ವರ ಹೇಗೆ ಬಂತು ಅನ್ನೋದು ಅವನ ತಕರಾರು. ಈ ತಪ್ಪಿಗೆ ಯಾರನ್ನಾದರೂ ಕೆಲಸದಿಂದ ತೆಗೆದಿರಬೇಕು ಅಂತ ಬೇರೆ ಹಾರೈಸುತ್ತಾನೆ. ಸಿಂಪ್ಸನ್ ಮನೆಯ ಅಪ್ಪ ಹೋಮರ್ ತಿರುಗಿ ಕೇಳುತ್ತಾನೆ: ಅಂಗಿ ಮೇಲೆ ‘ಜೀನಿಯಸ್’ ಅಂತ ಬರೆಸಿಕೊಂಡವನು ಮಕ್ಕಳ ಕಾರ್ಟೂನ್ ನೋಡುತ್ತಾ ಯಾಕೆ ಕೂತಿರ್ತಾನೆ?

ಇದಕ್ಕೆ ಹೊಟ್ಟೆ ಹಿಡಿದು ನಗುವ ಅಮೆರಿಕನ್ನರೇ ನಾಳೆ ಅದೇ ಕೆಲಸ ಮಾಡುತ್ತಾರೆ. ಇಲ್ಲಿ ಓಹಿಯೋದಲ್ಲಿ ನನ್ನ ಆಫೀಸಿನ ಊಟದ ಮೇಜೇ ಸಾಕ್ಷಿ. 1990ರ ಒಂದು ಕಂತಲ್ಲಿ ಇನ್ನೊಂದು ಪಾತ್ರವಾದ ಸ್ಮಿದರ್ಸ್‌ನ ಮೈಬಣ್ಣ ಕಪ್ಪಾಗಿತ್ತು, ಆಮೇಲೆ ಹಳದಿಯಾಯಿತು. ಬಣ್ಣ ತುಂಬುವವರ ಎಡವಟ್ಟು, ಅಷ್ಟೇ. ಅದನ್ನೂ ಬಿಡುವುದಿಲ್ಲ.

ದೊಡ್ಡ ಜಗಳ ವಯಸ್ಸಿನದು. 1989ರ ಡಿಸೆಂಬರಿನಲ್ಲಿ ಶುರುವಾದ ಕತೆ ಇನ್ನೂ ಓಡುತ್ತಿದೆ, ಹೋಮರನ ಮಗ ಬಾರ್ಟ್‌ಗೆ ಮಾತ್ರ ಈಗಲೂ ಹತ್ತೇ ವರ್ಷ. ಮಗ ಬೆಳೆಯದಿದ್ದರೆ ಅಪ್ಪ ಅಮ್ಮನ ಯೌವನ ಮುಂದಕ್ಕೆ ಸರಿಯಲೇಬೇಕು, ಅಲ್ವಾ? 1991ರ ಕಂತಿನ ಪ್ರಕಾರ ಹೋಮರ್ ಮತ್ತು ಮಾರ್ಜ್ 1974ರಲ್ಲಿ ಹೈಸ್ಕೂಲಲ್ಲಿದ್ದರು. 2008ರ ಕಂತಲ್ಲಿ ನೋಡಿದರೆ ಅವರ ಪ್ರೇಮವೆಲ್ಲ ತೊಂಬತ್ತರ ದಶಕದ್ದು, ಹೋಮರ್‌ಗೆ ಒಂದು ರಾಕ್ ಬ್ಯಾಂಡ್ ಕೂಡ ಇದೆ. ಹಳೆಯ ಅಭಿಮಾನಿಗಳು ಸಿಟ್ಟಾದರು. ಇದಕ್ಕಿಂತ ಮೊದಲು, 1997ರಲ್ಲೇ, ಶಾಲೆಯ ಪ್ರಿನ್ಸಿಪಾಲ್ ಸ್ಕಿನ್ನರ್ ನಿಜವಾದ ಸ್ಕಿನ್ನರ್ ಅಲ್ಲ, ಬೇರೆಯವನ ಹೆಸರಲ್ಲಿ ಬದುಕುತ್ತಿರುವವನು ಅಂತ ತೋರಿಸಿದ್ದರು. ಕಂತಿನ ಕೊನೆಗೆ ಜಡ್ಜ್ ಬಂದು, ಈ ವಿಷಯ ಇನ್ನು ಯಾರಾದರೂ ಎತ್ತಿದರೆ ಚಿತ್ರಹಿಂಸೆ ಅಂತ ಅಪ್ಪಣೆ ಕೊಡುತ್ತಾನೆ. ಎಲ್ಲ ಮೊದಲಿನಂತೆ! ನನಗಂತೂ ಅದು ಭಲೇ ಜಾಣತನ ಅನಿಸಿತು. ಸ್ಕಿನ್ನರ್‌ಗೆ ಧ್ವನಿ ಕೊಡುತ್ತಿದ್ದ ಹ್ಯಾರಿ ಶಿಯರರ್‌ಗೇ ಆ ಕಂತು ಹಿಡಿಸಿರಲಿಲ್ಲ.

ನಾನು ಬೆಳೆದದ್ದು ತಾಳಮದ್ದಳೆಯ ಊರಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು, ಮಾತಲ್ಲೇ ನಡೆಸುವ ಯಕ್ಷಗಾನದ ಊರಲ್ಲಿ. ಅಲ್ಲಿ ಕತೆಯ ಬಿರುಕು ಹುಡುಕುವುದು ಪಾತ್ರದ ಮಾತಾಡುವ ಅರ್ಥಧಾರಿಯದೇ ಕೆಲಸ. ವಾಲಿವಧೆ ಪ್ರಸಂಗವನ್ನೇ ತಗೊಳ್ಳಿ. ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ ಅನ್ನುತ್ತಾನೆ ರಾಮ. ನೀನು ಮೃಗ, ರಾಜರಿಗೆ ಬೇಟೆ ಸಹಜ ಅಂತಲೂ ಅನ್ನುತ್ತಾನೆ. ಚುರುಕಾದ ವಾಲಿ ಇದ್ದರೆ ಅಲ್ಲೇ ಹಿಡಿಯುತ್ತಾನೆ: ನಾನು ಮೃಗವಾದರೆ ತಮ್ಮನ ಹೆಂಡತಿ ಅನ್ನುವ ನಿಯಮ ನನಗೆಲ್ಲಿಂದ ಬಂತು? ಮನುಷ್ಯರ ನಿಯಮ ನನಗೂ ಇದೆ ಅಂದರೆ ಮರೆಯಿಂದ ಹೊಡೆದದ್ದು ಹೇಗೆ ಸರಿ? ಈಗ ರಾಮನ ಅರ್ಥ ಹೇಳುವವರು ಉತ್ತರ ಹುಡುಕಬೇಕು, ಅಲ್ಲೇ, ಆ ಕ್ಷಣಕ್ಕೆ. ಬರೆದಿಟ್ಟ ಮಾತು ಇಲ್ಲ. ಜನ ರಾತ್ರಿಯಿಡೀ ಕೂರುವುದು ಆ ಉತ್ತರಕ್ಕೆ. ನಾಳೆ ಇನ್ನೊಂದೂರಿನಲ್ಲಿ ಬೇರೆ ರಾಮ ಬೇರೆ ಉತ್ತರ ಕೊಟ್ಟರೆ ಅದನ್ನು ಯಾರೂ ತಪ್ಪು ಅನ್ನುವುದಿಲ್ಲ.

ಅಮೆರಿಕದವರು ತಪ್ಪುಗಳನ್ನು ಬರೆದಿಡುತ್ತಾರೆ, ನಮ್ಮವರು ಪಾತ್ರವನ್ನೇ ಕೇಳುತ್ತಾರೆ. ನನಗೆ ನಮ್ಮದೇ ಇಷ್ಟ. ಆದರೆ ಟಿವಿ ಮುಂದೆ ಕೂತಾಗ ನಮಗೆ ಆ ಚುರುಕು ಎಲ್ಲಿ ಹೋಗುತ್ತೋ. ಸೀರಿಯಲ್ಲಿನಲ್ಲಿ ಇವತ್ತು ಒಬ್ಬಳು ಸೊಸೆ, ನಾಳೆ ಅದೇ ಸೊಸೆಗೆ ಬೇರೆ ಮುಖ. ಸುಮ್ನೆ ನೋಡಿಕೊಂಡು ಹೋಗುತ್ತೇವೆ.

ಕತೆಯ ಹೊರಗಿನದನ್ನು ನೆನಪಿಸಿ ನಗಿಸುವ ಉಲ್ಲೇಖಗಳ ವಿಷಯ ಬೇರೆ. ಯಕ್ಷಗಾನದ ಹಾಸ್ಯಗಾರ ಪುರಾಣದ ನಡುವೆ ಬಸ್ಸು, ಎಲೆಕ್ಷನ್ನು ತಂದರೆ ಮುದುಕರಿಗೂ ಮಕ್ಕಳಿಗೂ ಗೊತ್ತಾಗುತ್ತೆ. ‘ಸಿಂಪ್ಸನ್ಸ್’ ನಗಿಸಬೇಕಾದರೆ ಅಮೆರಿಕದ ಸಿನಿಮಾ ಮೊದಲೇ ನೋಡಿರಬೇಕು. ನಾನು ನೋಡಿರಲಿಲ್ಲ. 1993ರ ಕಂತಲ್ಲಿ ಮುದಿ ಸಾಹುಕಾರ ಬರ್ನ್ಸ್ ಚಿಕ್ಕಂದಿನ ಕರಡಿ ಗೊಂಬೆಗಾಗಿ ಹಂಬಲಿಸುವುದನ್ನು ಮೊದಲು ನೋಡಿ, ಎಷ್ಟೋ ಕಾಲದ ಮೇಲೆ ಅದು ಅಣಕಿಸುವ ಹಳೆಯ ಸಿನಿಮಾ ‘ಸಿಟಿಜನ್ ಕೇನ್’ ನೋಡಿದೆ. ಅಸಲಿ ನೋಡುವಾಗ ನಕಲು ನೆನಪಾಗಿ ನಗು. ಅಕ್ಕಪಕ್ಕದವರಿಗೆ ಕಿರಿಕಿರಿ.

ಒಂದು ಉಲ್ಲೇಖ ಮಾತ್ರ ನನಗೆ ಮೊದಲೇ ಸಿಕ್ಕಿತ್ತು. ಧಾರಾವಾಹಿಯಲ್ಲಿ ಅಂಗಡಿ ನಡೆಸುವ ಭಾರತೀಯ ಅಪು. ಆ ಹೆಸರು ಸತ್ಯಜಿತ್ ರಾಯ್ ಅವರ ಸಿನಿಮಾಗಳ ಅಪುವಿನಿಂದ ಬಂದದ್ದು. 1996ರ ಕಂತಲ್ಲಿ ಅವನು ಕಲ್ಕತ್ತಾದಲ್ಲಿ ಓದಿ ಬಂದವನು. ಸರಿ, ಬಂಗಾಳಿ ಅಂದುಕೊಳ್ಳೋಣ. ಆದರೆ ಸರ್‌ನೇಮು ನಹಾಸಪೀಮಪೆಟಿಲಾನ್! ಯಾವ ಬಂಗಾಳದಲ್ಲಿ ಇದೆ ಇಂಥದ್ದು? ಹೆಂಡತಿ ಮಂಜುಳಾ, ನಮ್ಮ ಬೀದಿಗೊಬ್ಬಳು ಇರುವವಳು. ಪಕ್ಕೆಲುಬಿನ ಸ್ವರ ಎಣಿಸುವ ನನ್ನ ಆಫೀಸಿನವರಿಗೆ ಇದು ತಪ್ಪು ಅಂತ ಯಾವತ್ತೂ ಹೊಳೆದಿಲ್ಲ. ಊರು ಒಂದು ಕಡೆ, ಹೆಸರು ಎಲ್ಲೂ ಇಲ್ಲ, ಮಾತಿನ ಧಾಟಿ ಬಿಳಿಯ ನಟ ಹ್ಯಾಂಕ್ ಅಜಾರಿಯಾ ಅವರದು. ನನ್ನ ಲೆಕ್ಕದಲ್ಲಿ ಆ ಧಾರಾವಾಹಿಯ ಎಲ್ಲಕ್ಕಿಂತ ದೊಡ್ಡ ಎಡವಟ್ಟು ಇದೇ.

2017ರಲ್ಲಿ ಭಾರತ ಮೂಲದ ಹಾಸ್ಯಗಾರ ಹರಿ ಕೊಂಡಬೋಲು ಸಾಕ್ಷ್ಯಚಿತ್ರ ಮಾಡಿ ಅಪುವಿನ ಪಾತ್ರ ಭಾರತೀಯರನ್ನು ಗೇಲಿ ಮಾಡುತ್ತದೆ ಅನ್ನುವ ವಿಷಯ ನೇರವಾಗಿ ಎತ್ತಿದರು. ವಾಲಿ ಕೇಳಿದ ಹಾಗೇ ಕೇಳಿದರು. ಉತ್ತರ 2018ರ ಏಪ್ರಿಲಿನ ಒಂದು ಕಂತಲ್ಲಿ ಬಂತು: ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದ್ದು ಇವತ್ತು ತಪ್ಪಾಗಿದೆ, ಏನು ಮಾಡೋಕಾಗುತ್ತೆ ಅಂತ ಬಾರ್ಟನ ತಂಗಿ ಲೀಸಾ ನಮ್ಮತ್ತ ತಿರುಗಿ ಹೇಳಿದಳು. ಅದೂ ಯಾರು, ಆ ಮನೆಯಲ್ಲಿ ನ್ಯಾಯದ ಪರ ಮಾತಾಡುವ ಹುಡುಗಿ! ನಮ್ಮೂರ ರಾಮ ಇಷ್ಟೇ ಹೇಳಿ ಕೂತಿದ್ದರೆ ಜನ ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಿದ್ದರು.

2020ರಲ್ಲಿ ಅಜಾರಿಯಾ ಇನ್ನು ಆ ಧ್ವನಿ ಕೊಡುವುದಿಲ್ಲ ಅಂದರು. ಅಪು ಈಗ ಎಲ್ಲೋ ಗುಂಪಿನ ನಡುವೆ ಕಾಣಿಸಿಕೊಳ್ಳುತ್ತಾನೆ, ಮಾತಿಲ್ಲ. ಅವನ ಬಾಯಿ ಮುಚ್ಚಿಸಿದ್ದು ಉತ್ತರ ಅಂತ ನನಗನಿಸುವುದಿಲ್ಲ. ಭಾರತ ಮೂಲದ ನಟರೊಬ್ಬರಿಂದ ಧ್ವನಿ ಕೊಡಿಸಲಿ. ಆಮೇಲೆ ಮಂಜುಳಾ ಒಂದು ದಿನ ಅಂಗಡಿಗೆ ಬಂದು, ಕಲ್ಕತ್ತಾದವನಿಗೆ ಈ ಸರ್‌ನೇಮು ಯಾರು ಇಟ್ಟರು ಅಂತ ಗಂಡನನ್ನೇ ಕೇಳಲಿ. ಒಂದು ಕಂತಿಗೆ ಬೇಕಾದಷ್ಟು ಜಗಳ ಅದರಲ್ಲೇ ಇದೆ.